ತೊಂಬತ್ತರ ತೊಡೆಗೂ ಕಲಿಕೆ ಬಾಕಿ

ಭಾರ ಎತ್ತುವುದು ಯಾರ ಕೆಲಸ ಎಂಬ ಬಗ್ಗೆ ನಮ್ಮ ಊರುಗಳ ಜಿಮ್ ಬೋರ್ಡುಗಳಿಗೆ ಯಾವ ಅನುಮಾನವೂ ಇಲ್ಲ. ಉಬ್ಬಿದ ತೋಳು, ಗೀರು ಬಿದ್ದ ಹೊಟ್ಟೆ, ಇಪ್ಪತ್ತೈದು ದಾಟದ ಮುಖ. ಅರವತ್ತು ದಾಟಿದವರಿಗೆ ಬೇರೆಯದೇ ವಿಧಿ: ಬೆಳಿಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್, ಬಂದ ಮೇಲೆ ಒಂದಿಷ್ಟು ಪ್ರಾಣಾಯಾಮ, ಉಳಿದಂತೆ ‘ನೀವು ಎತ್ತಬೇಡಿ ಅಜ್ಜಿ, ನಾವು ಎತ್ತಿಡ್ತೀವಿ’ ಎನ್ನುವ ಮನೆಮಂದಿಯ ಕಾಳಜಿ. ಈ ಏರ್ಪಾಡು ತಲೆಕೆಳಗಾಗಿದೆ. ಇಪ್ಪತ್ತೈದರ ಹುಡುಗ ಡಂಬೆಲ್ ಮುಟ್ಟದಿದ್ದರೆ ಸದ್ಯಕ್ಕೆ ಅವನಿಗಾಗುವ ನಷ್ಟ ಹೆಚ್ಚಾಗಿ ಕನ್ನಡಿಯ ಮುಂದಿನದು. ಎಪ್ಪತ್ತೈದರ ಹೆಂಗಸಿನ ತೊಡೆಯಲ್ಲಿ ಬಲ ಇಲ್ಲದಿದ್ದರೆ ಹೋಗುವುದು ಯಾರ ಕೈಯನ್ನೂ ಹಿಡಿಯದೆ ಕಕ್ಕಸಿನಿಂದ ಎದ್ದು ಬರುವ ಸ್ವಾತಂತ್ರ್ಯ, ಬಚ್ಚಲಲ್ಲಿ ಜಾರಿದಾಗ ಕಾಲನ್ನು ಸರಕ್ಕನೆ ಮುಂದಿಟ್ಟು ಸಾವರಿಸಿಕೊಳ್ಳುವ ಶಕ್ತಿ. ಭಾರ ಎತ್ತುವ ಕಸರತ್ತು ಯಾರಿಗೆ ಅತ್ಯಂತ ಅಗತ್ಯವೋ ಅವರನ್ನೇ ನಾವು ಅದರಿಂದ ದೂರ ಇಟ್ಟಿದ್ದೇವೆ. ‘ಅಯ್ಯೋ, ಈ ವಯಸ್ಸಲ್ಲಿ ಇನ್ನೇನು ಬಲ ಬರುತ್ತೆ?’ ಎಂಬ ಮಾತಿಗೆ ವಿಜ್ಞಾನದ ಬೆಂಬಲವಿಲ್ಲ. ಇಲ್ಲವೆಂದು ತೋರಿಸಿಕೊಟ್ಟು ಮೂವತ್ತು ವರ್ಷಕ್ಕೂ ಮೇಲಾಯಿತು.

ಅಮೆರಿಕದ ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಜೊತೆಗಾರರು ಮಾಡಿದ ಪ್ರಯೋಗದ ವರದಿ 1990ರಲ್ಲಿ ಪ್ರಕಟವಾಯಿತು. ಪಾಲ್ಗೊಂಡವರು ಹತ್ತೇ ಜನ, ವಯಸ್ಸು 86ರಿಂದ 96. ಗಟ್ಟಿಮುಟ್ಟಾದ ಮುದುಕರನ್ನು ಆರಿಸಿ ತಂದದ್ದಲ್ಲ. ಹಲವು ಕಾಯಿಲೆಗಳಿದ್ದವರು, ಬಿದ್ದು ಎದ್ದವರು, ಊರುಗೋಲು ಹಿಡಿದವರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಣಕಾಲಿಗೆ ಭಾರ ಕೊಟ್ಟು, ಮಂಡಿಯನ್ನು ನಿಧಾನವಾಗಿ ನೇರ ಮಾಡಿ ಮತ್ತೆ ನಿಧಾನವಾಗಿ ಇಳಿಸುವ ಒಂದೇ ಕಸರತ್ತು ಹೇಳಿಕೊಟ್ಟರು. ಒಂದು ಸರದಿಗೆ ಎಂಟು ಸಲ, ಅಂಥ ಮೂರು ಸರದಿ, ವಾರಕ್ಕೆ ಮೂರು ದಿನ. ಇದರಲ್ಲಿ ಹೊಸದೇನಿಲ್ಲ ಎನ್ನಿಸಬಹುದು. ಹೊಸದು ಇದ್ದದ್ದು ಭಾರದಲ್ಲಿ. ಮುದುಕರೆಂದು ಅರ್ಧ ಕಿಲೋ ಮರಳುಚೀಲ ಕಟ್ಟಿ ಸಮಾಧಾನ ಮಾಡಲಿಲ್ಲ. ಒಬ್ಬೊಬ್ಬರೂ ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರ ಎಷ್ಟೆಂದು ಅಳೆದು, ಬೇಗನೆ ಅದರ ಶೇ 80ಕ್ಕೆ ಏರಿಸಿದರು. ಬಲ ಬಂದಂತೆ ಭಾರವನ್ನೂ ಏರಿಸುತ್ತ ಹೋದರು. ಯುವಕರಿಗೆ ಹಾಕುವ ಲೆಕ್ಕವೇ ಇವರಿಗೂ. ಎಂಟು ವಾರ ಮುಗಿಯುವ ಹೊತ್ತಿಗೆ ಒಬ್ಬರು ಬಿಟ್ಟುಹೋಗಿ ಒಂಬತ್ತು ಜನ ಉಳಿದಿದ್ದರು. ಅವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು; ಒಂದು ಕಾಲಲ್ಲಿ ಸುಮಾರು 8 ಕಿಲೋ ಎತ್ತುತ್ತಿದ್ದವರು 20 ಕಿಲೋ ದಾಟಿದ್ದರು. ಇಬ್ಬರು ಊರುಗೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಎದ್ದು ನಿಂತರು.

ಒಂಬತ್ತು ಜನರ ಲೆಕ್ಕ ಹಿಡಿದು ಇಡೀ ಮನುಕುಲಕ್ಕೆ ವಿಧಿ ಬರೆಯಬಹುದೇ ಎಂದು ಕೇಳಬಹುದು, ಕೇಳಲೇಬೇಕು. ಅದೇ ತಂಡ 1994ರಲ್ಲಿ ನೂರು ಜನರ ಮೇಲೆ, ಕಸರತ್ತು ಮಾಡದ ಗುಂಪನ್ನೂ ಪಕ್ಕದಲ್ಲಿಟ್ಟುಕೊಂಡು, ಹತ್ತು ವಾರದ ಪ್ರಯೋಗ ನಡೆಸಿತು. ಸರಾಸರಿ ವಯಸ್ಸು 87. ಭಾರ ಎತ್ತಿದವರ ಬಲ ಶೇ 113ರಷ್ಟು ಏರಿತು, ಎತ್ತದವರದು ಶೇ 3ರಷ್ಟು. ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎರಡೂ ಸುಧಾರಿಸಿದವು. ಪುಷ್ಟಿಯ ಪಾನೀಯವನ್ನಷ್ಟೇ ಕುಡಿಸಿದ ಗುಂಪಿಗೆ ಅಂಥ ಲಾಭ ಏನೂ ಕಾಣಲಿಲ್ಲ. ಹಿರಿಯರ ಕೋಣೆಯ ಕಪಾಟಿನಲ್ಲಿ ಡಬ್ಬಿ ಡಬ್ಬಿ ಪ್ರೋಟೀನ್ ಪುಡಿ ತಂದಿಟ್ಟು ಕರ್ತವ್ಯ ಮುಗಿಯಿತು ಎಂದುಕೊಂಡಿರುವ ಮಕ್ಕಳು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು.

ಮೊದಲ ಪ್ರಯೋಗದಲ್ಲಿ ಇನ್ನೊಂದು ಅಂಕಿ ಇತ್ತು. ಬಲ ಶೇ 174 ಏರಿದ್ದರೂ ತೊಡೆಯ ಸ್ನಾಯು ದಪ್ಪಗಾದದ್ದು ಶೇ 9ರಷ್ಟು ಮಾತ್ರ. ಉಳಿದ ಬಲ ಎಲ್ಲಿಂದ ಬಂತು? ಉತ್ತರ ನರಮಂಡಲದಲ್ಲಿದೆ. ಸ್ನಾಯುವಿನ ಎಳೆಗಳು ತಾವಾಗಿ ಸೆಳೆಯುವುದಿಲ್ಲ. ಬೆನ್ನುಹುರಿಯಿಂದ ಹೊರಟ ಒಂದೊಂದು ನರಕೋಶವೂ ಒಂದೊಂದು ಗುಂಪು ಎಳೆಗಳನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಂಡಿರುತ್ತದೆ. ಎಷ್ಟು ಗುಂಪುಗಳಿಗೆ ಕರೆ ಹೋಗುತ್ತದೆ, ಕರೆಗಳು ಎಷ್ಟು ಬಿರುಸಾಗಿ ಒಂದರ ಹಿಂದೊಂದು ಬರುತ್ತವೆ, ಎದುರು ದಿಕ್ಕಿಗೆ ಎಳೆಯುವ ಸ್ನಾಯು ಆ ಹೊತ್ತಿಗೆ ಸುಮ್ಮನಿರುತ್ತದೆಯೇ ಎಂಬುದರ ಮೇಲೆ ಕೈಗೆ ಬರುವ ಬಲ ನಿಂತಿದೆ. ಅಭ್ಯಾಸವಿಲ್ಲದ ದೇಹಕ್ಕೆ ತನ್ನಲ್ಲಿರುವ ಎಲ್ಲ ಎಳೆಗಳನ್ನೂ ಕರೆದು ದುಡಿಸುವ ವಿದ್ಯೆ ಬರುವುದಿಲ್ಲ. ಕಸರತ್ತು ಶುರುವಾದ ಮೊದಲ ವಾರಗಳಲ್ಲಿ ಏರುವ ಬಲ ಬಹುಪಾಲು ಈ ಕಲಿಕೆಯದು, ದಪ್ಪವಾಗುವುದು ಆಮೇಲೆ ಎಂದು ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 1979ರಲ್ಲೇ ತೋರಿಸಿದ್ದರು. ಮರುವರ್ಷ ವಯಸ್ಸಾದ ಗಂಡಸರನ್ನು ಪರೀಕ್ಷಿಸಿದಾಗ ಅವರ ಬಲವರ್ಧನೆ ಹೆಚ್ಚುಕಡಿಮೆ ಪೂರ್ತಿಯಾಗಿ ನರದ ಲೆಕ್ಕಕ್ಕೇ ಸೇರಿತ್ತು.

ಭಾರ ಎತ್ತುವ ಕ್ರೀಡಾಪಟುಗಳನ್ನು ಗಮನಿಸಿದವರಿಗೆ ಇದು ಅಚ್ಚರಿಯಾಗಬಾರದು. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕಿಲೋ ವಿಭಾಗದಲ್ಲಿ. ಅಂದರೆ ಮೈಯ ತೂಕ 56 ಕಿಲೋ ದಾಟುವಂತಿಲ್ಲ. ಆ ಮೈ ಕ್ಲೀನ್ ಅಂಡ್ ಜರ್ಕ್‌ನಲ್ಲಿ ತಲೆಯ ಮೇಲಕ್ಕೆ ಎತ್ತಿದ್ದು 138 ಕಿಲೋ, ತನ್ನ ತೂಕದ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಬಲವೆಂದರೆ ಬರೀ ಮಾಂಸದ ಗಾತ್ರವಾಗಿದ್ದರೆ ಇಂಥವರು ತೂಕದ ವಿಭಾಗ ಬದಲಿಸದೆ ವರ್ಷದಿಂದ ವರ್ಷಕ್ಕೆ ಮೇಲೇರುವುದು ಹೇಗೆ ಸಾಧ್ಯ? ಜಿಮ್ಮಿನಲ್ಲಿ ಎಲ್ಲರ ಕಣ್ಣು ಬೀಳುವ ಉಬ್ಬಿದ ತೋಳಿನ ಹುಡುಗ ಇವರ ಬಾರ್ಬೆಲ್ ಅಲುಗಿಸಲಾರ ಎಂಬುದು ಬೇರೆ ಮಾತು.

ಬಲ ಒಂದು ಕಲಿಕೆ ಎಂಬುದಕ್ಕೆ ವಿಜ್ಞಾನಿಗಳು ಒದಗಿಸಿರುವ ಸಾಕ್ಷ್ಯಗಳಲ್ಲಿ ಕೆಲವು ತೀರಾ ವಿಚಿತ್ರ. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದೇ ಕೈಗೆ ಅಭ್ಯಾಸ ಕೊಟ್ಟರೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಏರುತ್ತದೆ ಎಂದು ವರದಿ ಮಾಡಿದರು. ಆಮೇಲಿನ ಹಲವಾರು ಪ್ರಯೋಗಗಳು ಇದನ್ನು ಖಚಿತಪಡಿಸಿವೆ. ಸುಮ್ಮನಿದ್ದ ಕೈಗೆ ದಕ್ಕುವುದು ಸುಮಾರು ಶೇ 10ರಷ್ಟು ಎಂದು ಹೇಳಬಹುದು. ದೊಡ್ಡದಲ್ಲ. ಆದರೆ ಒಂದು ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ, ಪಾರ್ಶ್ವವಾಯುವಿನಿಂದ ಒಂದು ಬದಿ ಸೋತವರಿಗೆ ಅದು ಚಿಕ್ಕದೂ ಅಲ್ಲ. 1992ರಲ್ಲಿ ಗುವಾಂಗ್ ಯುಯೆ ಮತ್ತು ಕೆಲ್ಲಿ ಕೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಿರುಬೆರಳನ್ನು ಬದಿಗೆ ಒತ್ತುವ ಕಸರತ್ತು ಅವರದು. ಒಂದು ಗುಂಪು ನಿಜವಾಗಿ ಒತ್ತಿತು, ಇನ್ನೊಂದು ಗುಂಪು ಬೆರಳು ಅಲುಗಿಸದೆ, ಪೂರ್ತಿ ಬಲ ಹಾಕಿ ಒತ್ತುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಂಡಿತು. ನಾಲ್ಕು ವಾರದ ಬಳಿಕ ಒತ್ತಿದವರ ಬಲ ಶೇ 30 ಹೆಚ್ಚಿತ್ತು. ಕಲ್ಪಿಸಿಕೊಂಡವರದು ಶೇ 22. ಏನೂ ಮಾಡದವರದು ಶೇ 4ಕ್ಕಿಂತ ಕಡಿಮೆ. 2014ರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರ ಮುಂಗೈಗೆ ನಾಲ್ಕು ವಾರ ಪಟ್ಟು ಕಟ್ಟಿ ಅಲುಗದಂತೆ ಮಾಡಿದರು. ಸುಮ್ಮನಿದ್ದವರು ಶೇ 45ರಷ್ಟು ಬಲ ಕಳೆದುಕೊಂಡರೆ, ವಾರಕ್ಕೆ ಐದು ದಿನ ಕೈ ಬಿಗಿದಂತೆ ಕಲ್ಪಿಸಿಕೊಂಡವರು ಕಳೆದುಕೊಂಡದ್ದು ಶೇ 24. ಇದನ್ನು ಓದಿ ಸೋಫಾದ ಮೇಲೆ ಮಲಗಿ ಬಸ್ಕಿ ಹೊಡೆಯುವ ಕನಸು ಕಾಣಲು ಹೊರಡುವವರಿಗೆ ಒಂದು ಎಚ್ಚರಿಕೆ: ಕಲ್ಪನೆ ಮೂಳೆಯನ್ನು ಗಟ್ಟಿ ಮಾಡುವುದಿಲ್ಲ, ಸಕ್ಕರೆಯನ್ನೂ ಕರಗಿಸುವುದಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಕಲಿಯುವ ಅಂಗ ಮಿದುಳು ಮತ್ತು ಬೆನ್ನುಹುರಿ. ಎಂಬತ್ತರ ಅಜ್ಜಿ ಮೊಮ್ಮಗಳಿಂದ ವಾಟ್ಸ್‌ಆ್ಯಪ್ ಕಲಿಯಬಲ್ಲಳು ಎಂದು ಒಪ್ಪುವವರು ಅವಳ ತೊಡೆಯ ನರಗಳಿಗೆ ಮಾತ್ರ ಕಲಿಯುವ ವಯಸ್ಸು ಮುಗಿಯಿತು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?

‘ದಿನಾ ಆರು ಕಿಲೋಮೀಟರ್ ನಡೀತೀನಿ, ಸಾಲದಾ?’ ಎಂಬುದು ನಮ್ಮಲ್ಲಿ ಮೊದಲು ಬರುವ ಆಕ್ಷೇಪ. ನಡಿಗೆ ಹೃದಯಕ್ಕೆ, ಶ್ವಾಸಕೋಶಕ್ಕೆ, ಮನಸ್ಸಿಗೆ ಒಳ್ಳೆಯದು, ಬಿಡಬೇಕಾಗಿಲ್ಲ. ಆದರೆ ಅದು ಬೇರೆ ಕೆಲಸ. ಎಲ್‌ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1965ರಲ್ಲಿ ಬೆಕ್ಕುಗಳ ನರಗಳನ್ನು ಪರೀಕ್ಷಿಸಿ ಕಂಡುಕೊಂಡ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ದೇಹ ಮೊದಲು ಕರೆಯುವುದು ಚಿಕ್ಕ ನರಕೋಶಗಳನ್ನು, ಅವುಗಳ ಕೈಕೆಳಗಿರುವ ನಿಧಾನದ, ದಣಿಯದ ಎಳೆಗಳನ್ನು. ಕೆಲಸ ಕಷ್ಟವಾದಂತೆಲ್ಲ ದೊಡ್ಡ ನರಕೋಶಗಳ ಸರದಿ ಬರುತ್ತದೆ. ಅವುಗಳ ಎಳೆಗಳು ವೇಗದವು, ಬಲಶಾಲಿ, ಬೇಗ ಸುಸ್ತಾಗುವಂಥವು. ಸಮತಟ್ಟಾದ ದಾರಿಯಲ್ಲಿ ಮಾತಾಡುತ್ತ ನಡೆಯುವಾಗ ಚಿಕ್ಕವುಗಳೇ ಕೆಲಸ ಮುಗಿಸಿಬಿಡುತ್ತವೆ. ಆರು ಕಿಲೋಮೀಟರನ್ನು ಹನ್ನೆರಡು ಮಾಡಿದರೂ ದೊಡ್ಡವಕ್ಕೆ ಕರೆ ಹೋಗುವುದು ಕಷ್ಟ. ವಯಸ್ಸಾದಂತೆ ಮೊದಲು ಸೊರಗುವುದೂ ಆ ವೇಗದ ಎಳೆಗಳೇ. ಮುಗ್ಗರಿಸಿದಾಗ ಅರೆಗಳಿಗೆಯಲ್ಲಿ ಕಾಲು ಮುಂದಿಡಲು ಬೇಕಾದವೂ ಅವೇ. ಅಮೆರಿಕದಲ್ಲಿ 70ರಿಂದ 79 ವಯಸ್ಸಿನ 1,880 ಜನರನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಸ್ನಾಯು ಸೊರಗಿದ್ದಕ್ಕಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಬಲ ಕುಸಿದಿತ್ತು. ಸ್ನಾಯುವಿನ ಗಾತ್ರ ಕಾಪಾಡಿಕೊಂಡವರಲ್ಲೂ ಬಲ ಇಳಿದಿತ್ತು. ಹೊರಗಿನಿಂದ ನೋಡಿದರೆ ಮೈ ತುಂಬಿಕೊಂಡೇ ಇರುತ್ತದೆ, ಒಳಗಿನ ಶಕ್ತಿ ಸೋರಿಹೋಗಿರುತ್ತದೆ.

ಬಲಕ್ಕೂ ಆಯುಷ್ಯಕ್ಕೂ ನಂಟಿದೆ ಎಂಬುದನ್ನು ಸಾರಿದ ದೊಡ್ಡ ಅಧ್ಯಯನ ‘ಪ್ಯೂರ್’. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು, ನಾಲ್ಕು ವರ್ಷ ಗಮನಿಸಿ, 2015ರಲ್ಲಿ ವರದಿ ಪ್ರಕಟಿಸಿದರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಈ ಅಧ್ಯಯನದ ಭಾರತದ ಕೇಂದ್ರಗಳಲ್ಲೊಂದು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚುತ್ತಿತ್ತು. ಮುಂದಿನ ಸಾವನ್ನು ಸೂಚಿಸುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಯನ್ನೂ ಹಿಡಿತದ ಬಲ ಮೀರಿಸಿತು. ಇದನ್ನು ಕೇಳಿದ್ದೇ ತಡ ಕೆಲವರು ಸ್ಪ್ರಿಂಗು ಹಾಕಿದ ಹ್ಯಾಂಡ್‌ಗ್ರಿಪ್ ಕೊಂಡು ಟಿ.ವಿ. ಮುಂದೆ ಅದುಮತೊಡಗಿದರು. ಅದು ತಪ್ಪು ಓದು. ಹಿಡಿತ ಇಡೀ ಮೈಯ ಬಲದ, ಪೋಷಣೆಯ, ಒಳಗೇ ಬೆಳೆಯುತ್ತಿರಬಹುದಾದ ಕಾಯಿಲೆಯ ಸೂಚಕ. ದುರ್ಬಲ ಹಿಡಿತ ಸಾವಿಗೆ ಕಾರಣ ಎಂದು ಈ ಅಧ್ಯಯನ ಹೇಳಿಲ್ಲ, ಹೇಳಲೂ ಆಗದು. ಹಾಗಾಗಿ ಭಾರ ಎತ್ತಿದರೆ ಇಷ್ಟು ವರ್ಷ ಹೆಚ್ಚು ಬದುಕುತ್ತೀರಿ ಎಂಬ ಭರವಸೆಯನ್ನು ಈ ಅಂಕಿಗಳಿಂದ ಹುಟ್ಟಿಸಬಾರದು. ಮುದಿತನದ ಸ್ವಾವಲಂಬನೆಯ ವಿಚಾರದಲ್ಲಿ ಮಾತ್ರ ಸಾಕ್ಷ್ಯ ನೇರವಾದದ್ದು, ಬಾಸ್ಟನ್ನಿನ ಆ ಊರುಗೋಲುಗಳಷ್ಟು ನೇರ.

ಅಪಾಯದ ಮಾತು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಕೆನಡಾದಲ್ಲಿ ಮೆಕ್‌ಡೂಗಲ್ ಮತ್ತು ಜೊತೆಗಾರರು 1985ರಲ್ಲಿ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಮಾಪಕ ತೂರಿಸಿ, ಎರಡೂ ಕಾಲಿನಿಂದ ಭಾರ ಒತ್ತುವಾಗಿನ ಒತ್ತಡ ಅಳೆದರು. ಸರಾಸರಿ 320/250 ಬಂತು. ಒಬ್ಬನದು 480/350ನ್ನೂ ದಾಟಿತು. ಈ ಅಂಕಿ ನೋಡಿದ ಯಾವ ಹೃದ್ರೋಗ ತಜ್ಞರಿಗಾದರೂ ಬೆವರು ಬರಬೇಕು. ಆದರೆ ಅವರು ಎತ್ತುತ್ತಿದ್ದುದು ತಮ್ಮ ಗರಿಷ್ಠಕ್ಕೆ ತೀರ ಹತ್ತಿರದ ಭಾರ, ಶಕ್ತಿ ಪೂರ್ತಿ ಬತ್ತುವವರೆಗೆ, ಉಸಿರು ಬಿಗಿಹಿಡಿದು. ಉಸಿರು ಕಟ್ಟುವುದೇ ಒತ್ತಡವನ್ನು ಆಕಾಶಕ್ಕೇರಿಸುವ ದೊಡ್ಡ ಕಾರಣ. ಎತ್ತುವಾಗ ಉಸಿರು ಬಿಡುತ್ತ, ಇನ್ನೆರಡು ಸಲ ಎತ್ತಬಹುದು ಎನ್ನುವಾಗಲೇ ನಿಲ್ಲಿಸಿದರೆ ಕಥೆ ಬೇರೆ. ವಾರಗಟ್ಟಲೆ ಅಭ್ಯಾಸ ಮಾಡಿದವರ ಸಾಮಾನ್ಯ ಹೊತ್ತಿನ ರಕ್ತದೊತ್ತಡ ಇಳಿಯುತ್ತದೆ, ಏರುವುದಿಲ್ಲ. ಹತೋಟಿಗೆ ಬಾರದ ಬಿ.ಪಿ., ಇತ್ತೀಚಿನ ಹೃದಯಾಘಾತ, ಕಣ್ಣಿನ ರೆಟಿನಾದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಕೂಡದು.

ಮೂಳೆ ಸವೆದವರು? ಇಲ್ಲಂತೂ ನಮ್ಮ ಅಂಜಿಕೆಗೂ ಸಾಕ್ಷ್ಯಕ್ಕೂ ಅಜಗಜಾಂತರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಲಿಫ್ಟ್‌ಮೋರ್’ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆಯ ಸಾಂದ್ರತೆ ಕಡಿಮೆಯಿದ್ದ 101 ಹೆಂಗಸರಿದ್ದರು. ಅರ್ಧದಷ್ಟು ಜನ ತರಬೇತುದಾರರ ಕಣ್ಣೆದುರಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಬಾರ್ಬೆಲ್ ನೆಲದಿಂದ ಎತ್ತಿದರು, ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆದರು, ತಲೆಯ ಮೇಲಕ್ಕೆ ಒತ್ತಿದರು. ಭಾರ ಹೂವಿನಂತಿರಲಿಲ್ಲ, ಗರಿಷ್ಠದ ಶೇ 85ರ ಆಸುಪಾಸು. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ 2.9 ಏರಿತು. ಮನೆಯಲ್ಲಿ ಹಗುರ ಕಸರತ್ತು ಮಾಡಿಕೊಂಡವರದು ಶೇ 1.2 ಇಳಿಯಿತು. ಭಾರ ಎತ್ತಿದವರಲ್ಲಿ ವರದಿಯಾದ ತೊಂದರೆ ಒಂದೇ, ಒಬ್ಬರಿಗೆ ಸೊಂಟ ಹಿಡಿದುಕೊಂಡದ್ದು. ‘ಮೂಳೆ ಸವೆದಿದೆ, ಭಾರ ಎತ್ತಬೇಡಿ’ ಎಂಬ ಸಲಹೆಯನ್ನು ‘ಒಬ್ಬರೇ, ಗೊತ್ತಿಲ್ಲದೆ, ಒಮ್ಮೆಲೇ ಎತ್ತಬೇಡಿ’ ಎಂದು ತಿದ್ದಿಕೊಳ್ಳುವುದು ಒಳ್ಳೆಯದು. ತರಬೇತುದಾರರ ಕಣ್ಣೆದುರಿಗೆ ಎಂಬ ಮಾತು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ.

ಇನ್ನು ಹೊಲ, ಅಡುಗೆಮನೆ, ಬಾವಿಕಟ್ಟೆಗಳಲ್ಲಿ ಜೀವಮಾನವಿಡೀ ದುಡಿದವರಿಗೆ ಇದೆಲ್ಲ ಯಾಕೆ ಎನ್ನುವ ಪ್ರಶ್ನೆ. ಅದರಲ್ಲಿ ನ್ಯಾಯವಿದೆ. ನೀರು ಸೇದಿ, ರುಬ್ಬುವ ಕಲ್ಲು ತಿರುಗಿಸಿ, ನೆಲದ ಮೇಲೆ ಕೂತು ಎದ್ದ ತಲೆಮಾರಿನ ಕಾಲುಗಳು ಸೋಫಾ ತಲೆಮಾರಿನವಕ್ಕಿಂತ ಗಟ್ಟಿಯಿರಬಹುದು. ಆದರೆ ದುಡಿಮೆ ದೇಹವನ್ನು ಆಯ್ಕೆ ಮಾಡಿ ಬೆಳೆಸುವುದಿಲ್ಲ. ಒಂದೇ ಕೀಲನ್ನು ಸಾವಿರ ಸಲ ಸವೆಸುತ್ತದೆ, ಭಾರವನ್ನು ಮೈಯ ಅಳತೆ ನೋಡಿ ಏರಿಸುವುದಿಲ್ಲ, ದಣಿದ ಮರುದಿನ ರಜೆ ಕೊಡುವುದಿಲ್ಲ. ಅದೂ ಅಲ್ಲದೆ ಮಿಕ್ಸಿ, ಪಂಪ್‌ಸೆಟ್, ಟ್ರ್ಯಾಕ್ಟರ್ ಬಂದ ಮೇಲೆ ಆ ದುಡಿಮೆಯೂ ಅದೇ ಪ್ರಮಾಣದಲ್ಲಿ ಉಳಿದಿಲ್ಲ. ‘ಪ್ಯೂರ್’ ಅಳತೆಯಲ್ಲಿ ದಕ್ಷಿಣ ಏಷ್ಯಾದವರ ಕೈಹಿಡಿತ ಜಗತ್ತಿನ ಕೆಳಗಿನ ಸಾಲಿನಲ್ಲಿತ್ತು ಎಂಬುದು ನಮ್ಮ ಹಳ್ಳಿಗಾಡಿನ ಗಟ್ಟಿತನದ ಹೆಮ್ಮೆಗೆ ಸ್ವಲ್ಪ ಇರುಸುಮುರುಸು ತರುವ ಸಂಗತಿ. ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮ ಪರದೇಶದ್ದೇನೂ ಅಲ್ಲ. ಗರಡಿಮನೆಗಳಲ್ಲಿ ಚಿಕ್ಕ ಗದೆಯಿಂದ ದೊಡ್ಡದಕ್ಕೆ ಹೋಗುವ ಪಾಠವಿತ್ತು, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಒಂದೇ ದಿನಕ್ಕೆ ದೊಡ್ಡ ಕಲ್ಲಿಗೆ ಕೈ ಹಾಕುವುದಿಲ್ಲ. ಗರಡಿಯ ಕೊರತೆ ಇದ್ದದ್ದು ಬೇರೆ ಕಡೆ: ಅದರ ಬಾಗಿಲು ಹೆಂಗಸರಿಗೂ ಮುದುಕರಿಗೂ ತೆರೆದಿರಲಿಲ್ಲ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮುದ್ದೆ, ಅನ್ನ ತುಂಬಾ ಇದ್ದು ಸಾರಿನಲ್ಲಿ ಬೇಳೆ ಹುಡುಕಬೇಕಾದ ತಟ್ಟೆಯಿಂದ ಸ್ನಾಯು ಕಟ್ಟಲಾಗದು. ರಾಗಿಯಲ್ಲಿ ಪ್ರೋಟೀನ್ ಶೇ 7ರಷ್ಟು, ಬೇಳೆಗಳಲ್ಲಿ ಶೇ 20ಕ್ಕೂ ಹೆಚ್ಚು. ಬೇಳೆ, ಕಾಳಿನ ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಸಾಕು.

ಕಷ್ಟ ಇರುವುದು ಎಲ್ಲಿ, ಯಾರು ಕಲಿಸುತ್ತಾರೆ ಎಂಬಲ್ಲಿ. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸವನ್ನೂ ಸೇರಿಸಿತು. ನಮ್ಮ ಉದ್ಯಾನಗಳಲ್ಲಿ ಈಚೆಗೆ ನೆಟ್ಟಿರುವ ಹಳದಿ, ನೀಲಿ ಬಣ್ಣದ ಕಸರತ್ತಿನ ಯಂತ್ರಗಳು ಈ ಕೊರತೆ ತುಂಬಬಹುದಿತ್ತು. ಹತ್ತಿರ ಹೋಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಭಾರ ಹೆಚ್ಚಿಸುವ ಏರ್ಪಾಡೇ ಇಲ್ಲ. ಮೊದಲ ದಿನ ಎಷ್ಟು ಭಾರವೋ ಮೂರು ವರ್ಷದ ಮೇಲೂ ಅಷ್ಟೇ. ಕಾಲು ತೂಗಾಡಿಸುವ ಉಯ್ಯಾಲೆಯಂಥವಕ್ಕೆ ಭಾರವೇ ಇಲ್ಲ. ಗುತ್ತಿಗೆ ಕೊಡುವ ನಗರಪಾಲಿಕೆಗಳು ಎರಡು ಉಯ್ಯಾಲೆ ಕಡಿಮೆ ಮಾಡಿ, ಭಾರ ಬದಲಿಸಬಲ್ಲ ಒಂದು ಯಂತ್ರವನ್ನೂ ವಾರಕ್ಕೆರಡು ಬೆಳಿಗ್ಗೆ ಒಬ್ಬ ಫಿಸಿಯೋಥೆರಪಿಸ್ಟನ್ನೂ ಕೊಟ್ಟರೆ ಹಣ ಸಾರ್ಥಕವಾದೀತು.

ಅಲ್ಲಿಯವರೆಗೆ ಮನೆಯ ಕುರ್ಚಿಯಿದೆ. ಗೋಡೆಗೆ ಆನಿಸಿಟ್ಟ, ಅಲುಗದ, ಕೈಯಿಲ್ಲದ ಕುರ್ಚಿ. ಎದೆಯ ಮೇಲೆ ಕೈ ಕಟ್ಟಿಕೊಂಡು ಏಳುವುದು, ಧೊಪ್ಪನೆ ಬೀಳದೆ ನಿಧಾನವಾಗಿ ಕೂರುವುದು. ವೃದ್ಧರ ಬಲ ಅಳೆಯಲು ತಜ್ಞರು ಬಳಸುವ ಪರೀಕ್ಷೆಯೂ ಇದೇ: 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ? ಎಪ್ಪತ್ತರ ಆಸುಪಾಸಿನ ಹೆಂಗಸರಿಗೆ 10ರಿಂದ 15, ಗಂಡಸರಿಗೆ 12ರಿಂದ 17 ಸಾಮಾನ್ಯ. ಹತ್ತು ಸಲ ಸಲೀಸಾದ ವಾರ ಎದೆಗೆ ಎರಡು ಕಿಲೋ ಅಕ್ಕಿಯ ಚೀಲ ಅಪ್ಪಿಕೊಳ್ಳಬೇಕು, ಅದೂ ಸಲೀಸಾದಾಗ ಮೂರು ಕಿಲೋ. ನಿಲ್ಲಿಸಿದರೆ ಬಲ ಇಳಿಯುತ್ತದೆ: ಬಾಸ್ಟನ್ನಿನ ಹಿರಿಯರು ನಾಲ್ಕೇ ವಾರ ಬಿಟ್ಟದ್ದಕ್ಕೆ ಮೂರರಲ್ಲೊಂದು ಪಾಲು ಬಲ ಕಳೆದುಕೊಂಡರು. ಇನ್ನೊಂದೆಡೆ, ಡೆನ್ಮಾರ್ಕ್‌ನಲ್ಲಿ ನಿವೃತ್ತಿಯ ವಯಸ್ಸಿನ 451 ಜನರನ್ನು ಸೇರಿಸಿಕೊಂಡು ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷ ಭಾರಿ ತೂಕದ ಅಭ್ಯಾಸ ಮಾಡಿದವರ ಕಾಲಿನ ಬಲ ನಾಲ್ಕು ವರ್ಷದ ಅಳತೆಯಲ್ಲೂ ಶುರುವಿನ ಮಟ್ಟದಲ್ಲೇ ಇತ್ತು. ಮಧ್ಯಮ ಬಿರುಸಿನ ಕಸರತ್ತಿನವರದೂ ಏನೂ ಮಾಡದವರದೂ ಅಷ್ಟರಲ್ಲಿ ಕೆಳಗಿಳಿದಿತ್ತು.